ತಾಟಿನ ಅಂಚಿನ ಒಣದ್ರಾಕ್ಷಿ

ನಮ್ಮ ಮನೆಯವರಿಗೆ ಚೆಂಡು ಒದೆಯಲು ಬರುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅವರಂತೂ ಯಾರಿಗೂ ಹೇಳುವುದಿಲ್ಲ. ಜನ್ಮದಲ್ಲಿ ಒಮ್ಮೆ ಒದ್ದಿದ್ದಾರೆ. ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಹಾರಿ ಹೋಗಿ ಪಕ್ಕದ ಮನೆಯವರ ನೀರಿನ ಟಾಕಿಗೆ ಬಿತ್ತು. ಆದರೆ ಫುಟ್‌ಬಾಲ್ ಆಟದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬ ವಿಷಯಕ್ಕೆ ಬಂದರೆ ವಿಜಯಪುರ, ತಿಕೋಟಾ, ಬಬಲೇಶ್ವರ ಮೂರೂ ಕಡೆ ಹುಡುಕಿದರೂ ಅವರಂಥ ಪಂಡಿತರು ಇನ್ನೊಬ್ಬರು ಸಿಗುವುದಿಲ್ಲವಂತೆ. ಹುಡುಕಿದವರು ಯಾರು ಎಂದು ಕೇಳಬೇಡಿ. ಅವರೇ!

ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಒಮ್ಮೆ ಹೇಳಿದ್ದೇನೆ, ಅಷ್ಟು ಸಾಕು. ಅದೂ ಅಲ್ಲದೆ, ಹೆಸರು ತಿಳಿದರೆ ಓದಿದವರು ಯಾರಾದರೂ ಹುಡುಕಿಕೊಂಡು ವಿಜಯಪುರದ ಜಲನಗರದ ನಮ್ಮ ಮನೆಗೆ ಬಂದಾರು. ಬಂದವರನ್ನು ಇವರು ಪಡಸಾಲೆಯಲ್ಲಿ ಹಿಂದೆ ನಾಲ್ಕು, ನಡುವೆ ನಾಲ್ಕು, ಮುಂದೆ ಎರಡು ಎಂದು ಕೂಡಿಸಿ ಸಂಜೆಯ ತನಕ ಮಾತನಾಡಿಯಾರು. ಅಷ್ಟೂ ಮಂದಿಗೆ ಚಹಾ ಮಾಡುವವಳು ನಾನು.

ಇವರು ಬಸ್ಸಿನ ಕಂಡಕ್ಟರ್ ಆಗಿದ್ದವರು. ವಿಜಯಪುರದಿಂದ ತಿಕೋಟಾ, ತಿಕೋಟಾದಿಂದ ತಮ್ಮ ಹುಟ್ಟೂರು ಘೋಣಸಗಿ, ಮತ್ತೆ ತಿರುಗಿ ವಿಜಯಪುರ. ಸಂತೆಯ ದಿನ ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ನಿಂತು, "ಹಿಂದಕ್ಕ ಸರೀರಿ, ಹಿಂದ ಜಾಗಾ ಖಾಲಿ ಐತಿ" ಎಂದು ಕೂಗಿದರೆ ಕೋಳಿ ಹಿಡಿದ ಮುದುಕಿಯೂ ಸರಿಯುತ್ತಿದ್ದಳು, ಕೋಳಿಯೂ ಸರಿಯುತ್ತಿತ್ತು. ಹೀಗೆ ಜೀವಮಾನವಿಡೀ ಜನರನ್ನು ಸರಿಸಿದವರಿಗೆ ನಿವೃತ್ತಿಯಾದ ಮರುದಿನ ಸರಿಸಲು ಯಾರೂ ಸಿಗಲಿಲ್ಲ. ನಾನು ಸಿಕ್ಕೆ. ಹಿಟ್ಟಿನ ಡಬ್ಬಿ ಎಲ್ಲಿರಬೇಕು, ನೀರಿನ ಕೊಡ ಎಲ್ಲಿರಬೇಕು, ನಾನು ಎಲ್ಲಿ ಕುಳಿತು ರೊಟ್ಟಿ ಬಡಿಯಬೇಕು, ಎಲ್ಲವೂ ಸರಿದಾಡಿದವು. ನಾನು ಕೊಡ ಎತ್ತಿ ಕುಕ್ಕಿದ ಮೇಲೆ ಅಡುಗೆಮನೆಯ ಆಸೆ ಬಿಟ್ಟರು. ಆ ಹೊತ್ತಿಗೆ ಮಗ ದೊಡ್ಡ ಟಿವಿ ತಂದ. ಅದರಲ್ಲಿ ಯಾವುದೋ ದೇಶದವರು ಹಸಿರು ಹುಲ್ಲಿನ ಮೇಲೆ ಓಡಾಡುತ್ತಿದ್ದರು. ಓಡುವವರು ಓಡಲಿ, ಅದರ ನಡುವೆ ಪರದೆಯ ಮೇಲೆ ಹನ್ನೊಂದು ಚುಕ್ಕೆ ಮೂಡಿಸಿ, ಇವನು ಇಲ್ಲಿ ಅವನು ಅಲ್ಲಿ ಎಂದು ತೋರಿಸುತ್ತಾರೆ ನೋಡಿ, ಅದನ್ನು ಕಂಡು ಇವರು ಕುರ್ಚಿಯಿಂದ ಎದ್ದೇ ನಿಂತರು. ಜನರನ್ನು ಸರಿಸುವುದೇ ಒಂದು ವಿದ್ಯೆ ಎಂದು ಪರದೇಶದವರೂ ಒಪ್ಪಿದ್ದಾರೆ ಎಂದು ಅವರಿಗೆ ಅಂದು ಗೊತ್ತಾಯಿತು. ನನ್ನ ಗ್ರಹಚಾರ ಶುರುವಾದದ್ದೂ ಅಂದೇ.

ಈ ವಿದ್ಯೆಗೆ ಫಾರ್ಮೇಶನ್ ಎನ್ನುತ್ತಾರೆ. ನಾನು ಕೇಳಲಿಲ್ಲ, ಅವರೇ ಹೇಳಿದರು. ತಿಕೋಟಾದ ನಮ್ಮ ನೆಂಟರ ತೋಟದಿಂದ ಬಂದ ಒಣದ್ರಾಕ್ಷಿಯನ್ನು ಹುಗ್ಗಿಗೆಂದು ತೆಗೆದಿಟ್ಟಿದ್ದೆ. ಅದನ್ನು ಒಂದು ಮಧ್ಯಾಹ್ನ ಡಬ್ಬಿ ಸಮೇತ ತಂದು, ನಾನು ಉಣ್ಣಲು ತೆಗೆದುಕೊಂಡ ತಾಟನ್ನೇ ಕಸಿದು, ಅದರೊಳಗೆ ಸಾಲಾಗಿ ಹಚ್ಚಿದರು. ದ್ರಾಕ್ಷಿ ನಮ್ಮವರು, ಶೇಂಗಾ ಬೀಜ ಎದುರಾಳಿ.

"ಇಲ್ನೋಡು. ಹಿಂದ ನಾಕು, ನಡುವ ನಾಕು, ಮುಂದ ಎರಡು. ಹಳೇ ಪದ್ಧತಿ, ಆದ್ರ ಗಟ್ಟಿ."

ಗಟ್ಟಿ ಹೇಗೆಂದರೆ, ಎರಡು ಸಾಲು ಎರಡು ಬೇಲಿಯ ಹಾಗೆ ನಿಲ್ಲುತ್ತವೆ. ಎಡಕ್ಕೂ ಇಬ್ಬರು, ಬಲಕ್ಕೂ ಇಬ್ಬರು, ಯಾರ ಪಾಲಿನ ನೆಲ ಯಾವುದು ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಕೊರತೆ ಏನು? ಎರಡು ಬೇಲಿಯ ನಡುವೆ ಒಂದು ಓಣಿ ಉಳಿಯುತ್ತದೆ. ಜಾಣ ಎದುರಾಳಿ ಬಂದು ಆ ಓಣಿಯಲ್ಲಿ ನಿಂತುಬಿಟ್ಟರೆ ಹಿಂದಿನವರು ಮುಂದಿನವರನ್ನು ನೋಡುತ್ತಾರೆ, ಮುಂದಿನವರು ಹಿಂದಿನವರನ್ನು ನೋಡುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಇಬ್ಬರು ಸೊಸೆಯಂದಿರು ಹೊರಗೆ ಕುಳಿತ ಹಾಗೆ. ಅವಳು ನೋಡುತ್ತಾಳೆ ಎಂದು ಇವಳು, ಇವಳು ನೋಡುತ್ತಾಳೆ ಎಂದು ಅವಳು. ಹಾಲು ಉಕ್ಕಿ ಒಲೆ ಆರುತ್ತದೆ.

ನಾಲ್ಕು-ಮೂರು-ಮೂರು ಎಂದರೆ ಮುಂದೆ ಮೂವರು, ಅವರಲ್ಲಿ ಇಬ್ಬರು ಬದಿಗುಂಟ ಓಡುವವರು. ದಾಳಿಗೆ ಚೆಂದ. ಆದರೆ ಹಿಂದೆ ಕಾಯುವವರಲ್ಲಿ ಬದಿಯಲ್ಲಿರುವ ಇಬ್ಬರಿಗೂ ಮುಂದೆ ಓಡುವ ಆಸೆ ಹುಟ್ಟುತ್ತದೆ, ಅವರು ಬಿಟ್ಟುಹೋದ ನೆಲ ಹಾಳು ಬೀಳುತ್ತದೆ. ನಾಲ್ಕು-ಎರಡು-ಮೂರು-ಒಂದು ಎಂದು ಈಗ ಎಲ್ಲರೂ ಆಡುತ್ತಾರಂತೆ. ಹಿಂದಿನ ಸಾಲಿನ ಎದುರಿಗೆ ಇಬ್ಬರು, ಹೊಸ್ತಿಲ ಮುಂದೆ ಮಲಗಿದ ಎರಡು ನಾಯಿಯ ಹಾಗೆ. ಮನೆ ಭದ್ರ. ಆದರೆ ಮುಂದೆ ಇರುವವನು ಒಬ್ಬಂಟಿ. ಚೆಂಡು ಅವನ ತನಕ ಬಾರದಿದ್ದರೆ ಬೇರೆಯವರ ಮದುವೆಗೆ ತಪ್ಪಿ ಬಂದವನಂತೆ ಸುಮ್ಮನೆ ನಿಂತಿರಬೇಕು.

ಎಲ್ಲರೂ ಗೋಲಿನ ಮುಂದೆಯೇ ಗೋಡೆ ಕಟ್ಟಿದ ಹಾಗೆ ನಿಂತುಬಿಟ್ಟರೆ ಇಷ್ಟು ಫಜೀತಿಯೇ ಇಲ್ಲವಲ್ಲ ಎಂದು ನಾನು ಕೇಳಿದೆ.

"ಸೋಲೂದಿಲ್ಲ," ಅಂದರು. "ಗೆಲ್ಲೂದೂ ಇಲ್ಲ. ಇದ್ದಲ್ಲೇ ಇರೂದು."

"ನಮ್ಮ ಸಂಸಾರದಂಗ," ಅಂದೆ.

ಅವರು ಕೇಳದವರ ಹಾಗೆ ದ್ರಾಕ್ಷಿ ಸರಿಸಿದರು. ನಾನು ನಿಡೋಣಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತವಳು. ಓದುವುದು ಅಷ್ಟಕ್ಕಷ್ಟೇ, ಕೂಡಿಸುವುದು ಮಾತ್ರ ಸರಿಯಾಗಿ ಬರುತ್ತದೆ. ನಾಲ್ಕು ನಾಲ್ಕು ಎರಡು, ಹತ್ತು. ನಾಲ್ಕು ಮೂರು ಮೂರು, ಅದೂ ಹತ್ತು. ಹೇಗೆ ಕೂಡಿಸಿದರೂ ಹತ್ತೇ! ಆಡುವವರು ಹನ್ನೊಂದು ಮಂದಿ ಎಂದು ಇವರೇ ಹೇಳಿದ್ದರು. ಇನ್ನೊಬ್ಬ ಎಲ್ಲಿ ಎಂದೆ. ಅವರು ತಾಟಿನ ಅಂಚಿಗೆ ಅಂಟಿದ್ದ ಒಂದು ದ್ರಾಕ್ಷಿಯ ಕಡೆ ಬೆರಳು ಮಾಡಿದರು.

"ಅಂವ ಕೀಪರ. ಗೋಲು ಕಾಯಾಂವ. ಅಂವನ್ನ ಎಣಿಸೂದಿಲ್ಲ."

"ಯಾಕ್ರಿ?"

"ಅಂವ ಇದ್ದ ಇರ್ತಾನಲ್ಲ."

ಇದ್ದೇ ಇರುತ್ತಾನಂತೆ! ಮೈಯೆಲ್ಲ ಉರಿದುಹೋಯಿತು. ಉಳಿದವರು ತಪ್ಪಿದ್ದನ್ನೆಲ್ಲ ಕೊನೆಗೆ ಒಬ್ಬನೇ ನಿಂತು ಹಿಡಿಯಬೇಕು, ಹಿಡಿಯದಿದ್ದರೆ ಬೈಸಿಕೊಳ್ಳಬೇಕು, ಲೆಕ್ಕದಲ್ಲಿ ಮಾತ್ರ ಇಲ್ಲ. ಇದನ್ನು ಕಂಡುಹಿಡಿದವನು ಯಾರೇ ಇರಲಿ, ಅವನ ಮನೆಯಲ್ಲಿ ರೊಟ್ಟಿ ಬಡಿಯುವವಳು ಒಬ್ಬಳು ಇದ್ದೇ ಇದ್ದಳು ಎಂದು ನನಗೆ ಅನ್ನಿಸಿತು. ಆ ದ್ರಾಕ್ಷಿಯನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಈಗ ನಿಮ್ಮ ಗೋಲು ಕಾಯುವವರು ಯಾರು ಎಂದು ಕೇಳಿದೆ. ಶೇಂಗಾದವರು ಗೆದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬೇಸಿಗೆ ಬಂತು. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಹಾಕಿದೆ. ಕಾಗೆ ಕಾಯಲು ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಇವರೂ ಬಂದರು. ಕೋಲು ಹಿಡಿದು ಸಂಡಿಗೆಯ ಹತ್ತಿರ ಕುಳಿತರೆ ಸಾಕಲ್ಲ? ಸಾಲದು! ಈಗಿನ ಕಾಲದಲ್ಲಿ ಕಾಯುವವರು ಗೋಲಿನ ಹತ್ತಿರ ನಿಲ್ಲುವುದಿಲ್ಲವಂತೆ, ಸಾಲಿಗೆ ಸಾಲೇ ಮುಂದೆ ಹೋಗಿ ಎದುರಾಳಿಯನ್ನು ಅವನ ಅಂಗಳದಲ್ಲೇ ಒತ್ತಿ ಹಿಡಿಯುತ್ತಾರಂತೆ. ಹಾಗಾಗಿ ಮಕ್ಕಳನ್ನೆಲ್ಲ ಬೇವಿನ ಮರದ ಕಡೆಯ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಕಾಗೆ ಬರುವುದು ಆ ಮರದಿಂದಲೇ ಎಂಬುದು ನಿಜ. ಆದರೆ ಕಾಗೆಗೆ ರೆಕ್ಕೆ ಇದೆ ಎಂಬುದನ್ನು ಟಿವಿಯವರು ಹೇಳಿರಲಿಲ್ಲ. ಅದು ಸಾಲಿನ ಮೇಲಿಂದ ಹಾರಿ ಬಂದು, ಹಿಂದೆ ಒಬ್ಬರೂ ಇಲ್ಲದ ಮಾಳಿಗೆಯಲ್ಲಿ ಬಳಗವನ್ನೆಲ್ಲ ಕರೆದು ಊಟಕ್ಕೆ ಕುಳಿತಿತು. ನಾನು ಕೂಗಿಕೊಂಡು ಬರುವ ಹೊತ್ತಿಗೆ ಸೀರೆಯ ಮೇಲೆ ಅಲ್ಲೊಂದು ಇಲ್ಲೊಂದು ಸಂಡಿಗೆ ಉಳಿದಿತ್ತು. ಇವರಿಗೆ ನಾಚಿಕೆಯಾಯಿತೇ? ಕಾಯುವವರ ಕೊನೆಯ ಸಾಲನ್ನು ದಾಟಿ ಮುಂಚೆಯೇ ಹೋಗಿ ನಿಂತವನಿಗೆ ಚೆಂಡು ಬಂದರೆ ಅದು ತಪ್ಪು, ಗೋಲು ಲೆಕ್ಕಕ್ಕಿಲ್ಲ ಎಂಬ ಕಾಯಿದೆಯೊಂದು ಆ ಆಟದಲ್ಲಿದೆ.

"ಕಾಗಿ ಆಫ್‌ಸೈಡ್ ಇತ್ತು," ಅಂದರು.

ಆ ವರ್ಷ ನಾವು ಸಂಡಿಗೆ ಕೊಂಡು ತಿಂದೆವು.

ಆಮೇಲೆ ಘೋಣಸಗಿಯಲ್ಲಿ ಮೈದುನನ ಮಗಳ ಮದುವೆ. ಬಡಿಸುವ ಉಸ್ತುವಾರಿ ಅಣ್ಣನಿಗೆ ಇರಲಿ ಎಂದು ಮೈದುನ ಭಕ್ತಿಯಿಂದ ಒಪ್ಪಿಸಿದ. ಪಾಪ, ಅವನಿಗೆ ಗೊತ್ತಿರಲಿಲ್ಲ. ಇವರು ಬಡಿಸುವ ಹುಡುಗರನ್ನು ಮೂರು-ಐದು-ಎರಡು ಎಂದು ಹಂಚಿದರು. ಹಿಂದೆ ಮೂವರು ಬಕೆಟ್ಟು ತುಂಬಿಕೊಡುವವರು, ನಡುವೆ ಐವರು ಬಡಿಸುವವರು, ಮುಂದೆ ಇಬ್ಬರು ಎರಡನೆಯ ಸುತ್ತಿಗೆ ಒತ್ತಾಯ ಮಾಡುವವರು. ನಡುವೆ ಐವರಿದ್ದರೆ ನಡುವಿನ ನೆಲವೆಲ್ಲ ನಮ್ಮದೇ, ಯಾರೂ ಅಲುಗಾಡುವಂತಿಲ್ಲ, ಇದು ಆ ವ್ಯೂಹದ ಶಕ್ತಿ. ನಿಜಕ್ಕೂ ನಡುವೆ ಕುಳಿತವರು ಅಲುಗಾಡಲಿಲ್ಲ. ಹುಗ್ಗಿಯ ಮೇಲೆ ಹುಗ್ಗಿ ಬಿದ್ದು, ಸಾಕೋ ಮಾರಾಯಾ ಎಂದು ತಾಟಿನ ಮೇಲೆ ಮಲಗುವುದೊಂದು ಬಾಕಿ. ಪಂಕ್ತಿಯ ಎರಡೂ ತುದಿಗೆ ಮಾತ್ರ ಒಬ್ಬರೂ ಹೋಗಲಿಲ್ಲ, ಯಾಕೆಂದರೆ ಬದಿ ಖಾಲಿ ಬೀಳುವುದೇ ಆ ವ್ಯೂಹದ ಕೊರತೆ. ತುದಿಯಲ್ಲಿ ಕುಳಿತಿದ್ದವರು ಯಾರು? ವರನ ಸೋದರತ್ತೆ!

"ಉಪ್ಪು ಚೊಲೋ ಐತ್ರಿ," ಎಂದು ಆಕೆ ತಣ್ಣಗೆ ಹೇಳಿದರು. "ಮತ್ತ ಏನರ ಮಾಡೀರೋ, ಇಷ್ಟನೋ?"

ಮೈದುನ ತುಪ್ಪದ ಗಿಂಡಿ ಹಿಡಿದು ಓಡಿದ ಓಟವನ್ನು ನೋಡಬೇಕಿತ್ತು. ಅಂಥ ಬದಿಯ ಓಟಗಾರ ಟಿವಿಯಲ್ಲೂ ಇಲ್ಲ. ನಾನೆಲ್ಲಿದ್ದೆ ಎಂದಿರಾ? ನನ್ನನ್ನು ಇವರು ಉಗ್ರಾಣದ ಬಾಗಿಲಿಗೆ ನಿಲ್ಲಿಸಿದ್ದರು. ಕೀಪರ್! ಎಲ್ಲರೂ ಉಂಡರು, ಬಡಿಸಿದವರೂ ಉಂಡರು, ಪಾತ್ರೆ ತೊಳೆಯಲು ಹಾಕಿದರು, ಊರಿಗೆ ಹೋಗುವ ಟಂಟಂ ಗಾಡಿ ಬಂದು ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಅಂದು ಉಂಡದ್ದು ಲಿಂಬೆಯ ಉಪ್ಪಿನಕಾಯಿ ಮತ್ತು ಸಿಟ್ಟು.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ನುಂಗಲಾಗದ್ದು ಆಮೇಲೆ ಬಂತು.

ನನ್ನ ಮಗನ ಮಗಳು ಸೃಷ್ಟಿ ಒಂಬತ್ತನೆಯ ಇಯತ್ತೆ ಓದುತ್ತಾಳೆ. ಕೈ ಉದ್ದ, ಮಾತು ಕಡಿಮೆ. ಕೈ ನನ್ನ ತವರಿನದು. ಮಾತು ಯಾರದೋ ಗೊತ್ತಿಲ್ಲ, ನಮ್ಮ ಎರಡೂ ಮನೆತನದಲ್ಲಿ ಅಂಥವರಿಲ್ಲ. ನಮ್ಮ ಕಡೆಯ ಹುಡುಗಿಯರು ಸೇರಿ ಭಾನುವಾರ ಬಯಲಿನಲ್ಲಿ ಫುಟ್‌ಬಾಲ್ ಆಡುತ್ತಾರೆ. ಹೇಳಿಕೊಡಲು ಒಬ್ಬಳು ಡ್ರಿಲ್ ಟೀಚರ್ ಬರುತ್ತಾಳೆ. ಅವಳು ಸ್ವತಃ ಕಬಡ್ಡಿ ಆಡಿದವಳು, ಓಡುವುದು ಒದೆಯುವುದು ಕಲಿಸಿದಳು. ನಿಲ್ಲಿಸುವ ಕೆಲಸವನ್ನು ನಮ್ಮವರು ಕೇಳದೆಯೇ ವಹಿಸಿಕೊಂಡರು. ಸೃಷ್ಟಿಗೆ ಯಾವ ಜಾಗ? ಕೀಪರ್. ಹುಡುಗಿ ಅದನ್ನು ಇಷ್ಟಪಟ್ಟೇ ಮಾಡುತ್ತಿದ್ದಳು. ಅವಳಪ್ಪ ತಂದುಕೊಟ್ಟ ದಪ್ಪ ಕೈಗವಸುಗಳನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದಳು. ಹಳೆಯ ನಾಲ್ಕು-ನಾಲ್ಕು-ಎರಡರಲ್ಲಿ ನಿಡೋಣಿಯ ಹುಡುಗಿಯರ ಜೊತೆ ಆಡಿ ಸಮಸಮ ಮಾಡಿಕೊಂಡು ಬಂದಿದ್ದರು. ನನ್ನ ತವರೂರು ಸೋಲಲಿಲ್ಲ, ನನ್ನ ಮೊಮ್ಮಗಳೂ ಸೋಲಲಿಲ್ಲ. ಅದಕ್ಕಿಂತ ಒಳ್ಳೆಯ ಆಟ ಬೇಕೇ?

ಬೇಕಂತೆ. ಬಬಲೇಶ್ವರದ ಹುಡುಗಿಯರ ಮೇಲೆ ಆಡಲು ಹೊರಟ ದಿನ, ಟಂಟಂನಲ್ಲಿ ಕುಳಿತ ಮೇಲೆ ಇವರಿಗೆ ಹೊಸದು ಹೊಳೆಯಿತು. ಮೂರು-ನಾಲ್ಕು-ಮೂರು. ಈಗಿನ ದೊಡ್ಡ ದೊಡ್ಡ ತಂಡಗಳ ಪದ್ಧತಿಯಂತೆ. ಮುಂದೆ ಮೂವರು ಒತ್ತುತ್ತಾರೆ, ನಡುವೆ ನಾಲ್ವರು ತುಂಬಿಕೊಳ್ಳುತ್ತಾರೆ, ಆ ನಾಲ್ವರಲ್ಲಿ ಬದಿಯ ಇಬ್ಬರು ದಾಳಿಯಿದ್ದಾಗ ಮುಂದೆ ಓಡಬೇಕು, ಆಪತ್ತು ಬಂದಾಗ ಹಿಂದೆ ಓಡಿ ಬರಬೇಕು. ಆ ಇಬ್ಬರಿಗೆ ಕುದುರೆಯ ಕಾಲಿರಬೇಕು. ನಮ್ಮಲ್ಲಿ ಒಬ್ಬಳು ಜ್ವರ ಬಿಟ್ಟು ಎದ್ದವಳು, ಇನ್ನೊಬ್ಬಳಿಗೆ ಹಿಂದಿನ ದಿನವಷ್ಟೇ ಹೊಸ ಬೂಟು ಬಂದು ಹಿಮ್ಮಡಿ ಹರಿದಿತ್ತು. ಟೀಚರ್, ಹೊಸದು ಇವತ್ತೇ ಬೇಡ ಎಂದಳು. ನಾನು ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಬೇಡ ಎಂದೆ. ಇವರು ಮೂವತ್ತು ಜನರ ಬಸ್ಸಿನಲ್ಲಿ ಅರವತ್ತು ಜನರನ್ನು ನಿಲ್ಲಿಸಿದವರು, ನಮ್ಮ ಮಾತು ಕೇಳುತ್ತಾರೆಯೇ?

ನಾನು ಬಬಲೇಶ್ವರದ ಬಯಲಿನ ಬೇವಿನ ಮರದ ಕೆಳಗೆ ಕುಳಿತು ನೋಡಿದೆ. ಮೊದಲ ಸ್ವಲ್ಪ ಹೊತ್ತು ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ನಮ್ಮ ಹುಡುಗಿಯರು ಅವರ ಗೋಲಿನ ಮುಂದೆಯೇ ಠಾಣೆ ಹೂಡಿದ್ದರು. ಇವರು ಮೀಸೆಯ ಮೇಲೆ ಕೈ ಇಟ್ಟಿದ್ದರು. ಬಿಸಿಲು ಏರಿತು. ಬದಿಯ ಇಬ್ಬರೂ ಮುಂದೆ ಹೋದವರು ಅಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತುಬಿಟ್ಟರು. ಹಿಂದೆ ಮೂವರು ನಡುವೆ ಗುಂಪಾದರು. ಎರಡೂ ಬದಿ ಉಳುಮೆಯಾಗದ ಹೊಲದಂತೆ ಹಾಸಿಕೊಂಡು ಬಿದ್ದಿತ್ತು. ಬಬಲೇಶ್ವರದವರಿಗೆ ಕಣ್ಣಿಲ್ಲವೇ? ಒಬ್ಬಳು ಬಲಗಡೆಯಿಂದ ಬಂದಳು, ಒಬ್ಬಳು ಎಡಗಡೆಯಿಂದ ಬಂದಳು, ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ಬಂದರು. ಮಾತೇ ಆಡದ ನನ್ನ ಮೊಮ್ಮಗಳು "ಬದಿ ನೋಡ್ರೆ, ಬದಿ ನೋಡ್ರೆ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಆ ಗಟ್ಟಿ ಎರೆಮಣ್ಣಿನಲ್ಲಿ ಮೊಣಕೈ ತರಚಿ ತೋಳು ಕೆಂಪಾಯಿತು. ಐದು ಗೋಲು ಆದವು. ಆಟ ನೋಡಲು ಬಂದವರಲ್ಲಿ ಒಬ್ಬ ಹಲ್ಲುಕಡ್ಡಿ ಕಚ್ಚಿಕೊಂಡು, ಈ ತಂಡಕ್ಕೆ ಕೀಪರೇ ಸರಿಯಿಲ್ಲ ಎಂದ. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಅವನು ಹೊರಗಿನವನು, ಬಿಡಿ. ತಿರುಗಿ ಬರುವಾಗ ಟಂಟಂನಲ್ಲಿ ಡ್ರೈವರನ ಪಕ್ಕ ಕುಳಿತು ನಮ್ಮವರು ಏನು ಹೇಳಿದರು ಗೊತ್ತೇ?

"ಫಾರ್ಮೇಶನ್ ಬರೋಬ್ಬರಿ ಇತ್ತು. ಕೀಪರ ಎರಡ ಹೆಜ್ಜಿ ಮುಂದ ಬಂದಿದ್ಲಂದ್ರ ಮುಗೀತಿತ್ತು."

ಹುಡುಗಿಯರೆಲ್ಲ ಸೃಷ್ಟಿಯ ಕಡೆ ನೋಡಿದರು. ಅವಳು ರಸ್ತೆಯ ಕಡೆ ನೋಡಿದಳು. ಬುತ್ತಿಯ ರೊಟ್ಟಿ ಹಾಗೆಯೇ ಮನೆಗೆ ಬಂತು.

ಮನೆಗೆ ಬಂದವಳು ನೇರ ಅಡುಗೆಮನೆಗೆ ಬಂದು ಆ ದಪ್ಪ ಕೈಗವಸುಗಳನ್ನು ನನ್ನ ಮುಂದೆ ಇಟ್ಟಳು. "ಆಯಿ, ಇವು ನೀ ಇಟ್ಗೋ. ಹಂಚು ಇಳಸಾಕ ಬರ್ತಾವ."

ನೀನು ಆಡುವುದಿಲ್ಲವೇ ಎಂದು ಕೇಳಿದೆ.

"ನನ್ನ ಬಿಟ್ರೂ ಹತ್ತ ಮಂದಿ ಆಗ್ತಾರಲ್ಲ. ಮುತ್ಯಾನ ಲೆಕ್ಕ ಬರೋಬ್ಬರಿ ಹೊಂದತೈತಿ."

ನಾನು ತಲೆ ಸವರಿ ಸಮಾಧಾನ ಹೇಳುವ ಹೆಂಗಸಲ್ಲ. ಕೊಟ್ಟಳು, ತೆಗೆದುಕೊಂಡೆ, ಹಂಚು ಇಳಿಸಿದೆ. ನಿಜ ಹೇಳಬೇಕೆಂದರೆ ಈ ಅಡುಗೆಮನೆಗೆ ಅಂಥ ಉಪಯೋಗದ ವಸ್ತು ಹಿಂದೆಂದೂ ಬಂದಿರಲಿಲ್ಲ. ಎಡಗೈ ಗವಸಿನ ಹೆಬ್ಬೆರಳು ಸ್ವಲ್ಪ ಸುಟ್ಟಿತು, ಅಷ್ಟೇ. ಆದರೆ ಒಳಗೆ ನನಗೆ ಹತ್ತಿಕೊಂಡ ಉರಿ ಹಂಚಿನ ಜೊತೆ ಇಳಿಯಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ತಾಟು ಹಾಕಿದೆ. ಮಗ, ಸೊಸೆ, ಸೃಷ್ಟಿ. ಇವರು ಬಂದು ತಮ್ಮ ಮಣೆಯ ಮೇಲೆ ಕುಳಿತರು. ಎದುರಿಗೆ ನೆಲವಷ್ಟೇ ಇತ್ತು.

"ನಂದೆಲ್ಲಿ?"

"ಎಣಿಸಿಲ್ರಿ."

"ಯಾಕ?"

"ನೀವು ಇದ್ದ ಇರ್ತೀರಲ್ಲ."

ಸೊಸೆ ನೀರು ತರುವ ನೆಪ ಮಾಡಿ ಎದ್ದಳು. ಮಗ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದ. ಸೃಷ್ಟಿ ಅರ್ಧ ರೊಟ್ಟಿ ತಿಂದು ಒಳಗೆ ಹೋದಳು. ಇವರು ಏಳಲಿಲ್ಲ, ಬೈಯಲೂ ಇಲ್ಲ. ಕೈಗೆ ಸಿಕ್ಕ ದ್ರಾಕ್ಷಿಯ ಡಬ್ಬಿ ತೆಗೆದು ನೆಲದ ಮೇಲೇ ಮೂರು-ನಾಲ್ಕು-ಮೂರು ಹಚ್ಚಿದರು, ಅಂಚಿಗೆ ಒಂದು ಇಟ್ಟರು. ನನಗೆ ಪಾಠ ಹೇಳಲು! ನಾನೂ ಶೇಂಗಾ ತಂದು ಎದುರಿಗೆ ಕುಳಿತೆ. ಬದಿಯ ಎರಡು ದ್ರಾಕ್ಷಿಗಳನ್ನು ಹಿಡಿದು ಮುಂದೆ ಒಯ್ದೆ.

"ಇವರು ದಣದಾರ. ತಿರುಗಿ ಬರೂದಿಲ್ಲ," ಎಂದೆ. ಒಂದು ಶೇಂಗಾವನ್ನು ಬದಿಗುಂಟ ನಡೆಸಿದೆ. "ಈಗ ಆಕಿ ಏನ್ ಮಾಡ್ಬೇಕು, ಹೇಳ್ರಿ."

ಅವರು ಅಂಚಿನ ದ್ರಾಕ್ಷಿಯನ್ನು ಎರಡು ಹೆಜ್ಜೆ ಮುಂದೆ ತಂದರು. ನಾನು ಶೇಂಗಾವನ್ನು ಅದರ ಹಿಂದಿನಿಂದ ದಾಟಿಸಿದೆ. ಹಿಂದಕ್ಕೆ ಇಟ್ಟರು. ಇನ್ನೊಂದು ಬದಿಯಿಂದ ಇನ್ನೊಂದು ಶೇಂಗಾ ಕಳಿಸಿದೆ. ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು, ನಡುವೆ ಇಟ್ಟರು. ಆ ದ್ರಾಕ್ಷಿ ಬೆರಳಿನ ಬೆವರಿಗೆ ಮೆತ್ತಗಾಗಿ ಹೋಯಿತು. ಕೊನೆಗೆ ಕೈ ಹಿಂದೆ ತೆಗೆದುಕೊಂಡರು.

"ಏನೂ ಮಾಡಾಕ ಬರೂದಿಲ್ಲ," ಅಂದರು.

"ಇದನ್ನ ನನಗ್ಯಾಕ ಹೇಳ್ತೀರಿ? ಕೇಳಬೇಕಾದಾಕಿ ಒಳಗ ಅದಾಳ."

ಅವರು ಒಳಗೆ ಹೋಗಲಿಲ್ಲ. ಚಿಲ್ಲರೆ ತಪ್ಪು ಕೊಟ್ಟಿದ್ದೀರಿ ಎಂದು ಪ್ರಯಾಣಿಕರು ಜಗಳ ತೆಗೆದರೂ ಜೀವಮಾನದಲ್ಲಿ ಒಮ್ಮೆಯೂ ಒಪ್ಪಿಕೊಳ್ಳದ ಮನುಷ್ಯ, ಒಂದು ಹುಡುಗಿಯ ಮುಂದೆ ಒಪ್ಪಿಕೊಳ್ಳುತ್ತಾರೆಯೇ? ನಾನು ಎರಡು ರೊಟ್ಟಿ ಕೊಟ್ಟೆ. ಪಲ್ಯ ಕೊಡಲಿಲ್ಲ.

ಆ ವಾರವೆಲ್ಲ ಮನೆಯಲ್ಲಿ ಫಾರ್ಮೇಶನ್ ಎಂಬ ಮಾತು ಬರಲಿಲ್ಲ. ಟಿವಿಯೂ ಬಾಯಿ ಮುಚ್ಚಿಕೊಂಡಿತ್ತು. ಇಷ್ಟು ಶಾಂತಿ ಬೇಕೆಂದು ನಾನು ಎಷ್ಟು ದೇವರಿಗೆ ಬೇಡಿಕೊಂಡಿರಲಿಲ್ಲ! ಸಿಕ್ಕ ಮೇಲೆ ಅದೇನೂ ಅಷ್ಟು ಚೆನ್ನಾಗಿರಲಿಲ್ಲ ಎಂದು ಮಾತ್ರ ಹೇಳುತ್ತೇನೆ.

ಭಾನುವಾರ ಇವರು ಬೆಳಗ್ಗೆಯೇ ಎದ್ದು ಬಿಳಿ ಟೋಪಿ ಹಾಕಿಕೊಂಡು ಸೃಷ್ಟಿಯ ಕೋಣೆಯ ಬಾಗಿಲಲ್ಲಿ ನಿಂತರು. "ಆಡಬ್ಯಾಡ. ಬಂದು ಕುಂತು ನೋಡು, ಸಾಕು," ಅಂದರು. ನನಗೂ ಬಾ ಎಂದರು. ಹೊರಡುವಾಗ ನಾನು ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಕೈಗವಸುಗಳನ್ನು ನೀರಿನ ಬಾಟಲಿಯ ಚೀಲದಲ್ಲಿ ತುರುಕಿಕೊಂಡೆ. ಯಾಕೆ ಎಂದು ಕೇಳಬೇಡಿ. ಬಿಸಿಲಿಗೆ ಕೈ ಸುಡಬಾರದೆಂದು ಎಂದುಕೊಳ್ಳಿ.

ಬಯಲಿನ ಅಂಚಿನಲ್ಲಿ ನಾನು, ಸೃಷ್ಟಿ ಕುಳಿತೆವು. ಇವರು ಹುಡುಗಿಯರನ್ನು ಕರೆದು ಅದೇ ಮೂರು-ನಾಲ್ಕು-ಮೂರಕ್ಕೆ ನಿಲ್ಲಿಸಿದರು. ಎದುರಾಳಿಗಳಾಗಿ ಓಣಿಯ ಉಳಿದ ಮಕ್ಕಳನ್ನೆಲ್ಲ ನಿಲ್ಲಿಸಿದರು. ಆಮೇಲೆ ಪ್ಯಾಂಟಿನ ಕಾಲು ಮೇಲೆ ಮಡಚಿ, ನೋಯುವ ಮೊಣಕಾಲು ಎಳೆಯುತ್ತ ಹೋಗಿ, ಎರಡು ಗೂಟಗಳ ನಡುವೆ ತಾವೇ ನಿಂತುಕೊಂಡರು.

"ಅಜ್ಜಾರ, ಬ್ಯಾಡ್ರಿ," ಎಂದಳು ಟೀಚರ್.

"ಆಡ್ರಿ," ಎಂದರು ಇವರು.

ಮಕ್ಕಳು ಮೊದಲು ಮರ್ಯಾದೆಯಿಂದ ಒದ್ದರು. ಇವರು ಬೈದರು. ಆಮೇಲೆ ಮರ್ಯಾದೆ ಬಿಟ್ಟು ಒದ್ದರು. ಒಂದು ಚೆಂಡು ಕಾಲ ನಡುವೆ ಹೋಯಿತು. ಒಂದು ಟೋಪಿಯನ್ನು ಕರೆದುಕೊಂಡು ಹೋಯಿತು. ಒಂದು ಹೊಟ್ಟೆಗೆ ಬಿದ್ದು ಕೆಳಗೆ ಕೂಡಿಸಿತು. ಎದ್ದರು. ಬದಿಯ ಹುಡುಗಿಯರು ಆವತ್ತಿನ ಹಾಗೆಯೇ ಮುಂದೆ ಹೋಗಿ ದಣಿದು ನಿಂತಿದ್ದರು. ಇವರು ಎರಡೂ ಕೈ ಎತ್ತಿ ಕೂಗಿದರು.

"ಹಿಂದಕ್ಕ ಸರೀರಿ, ಹಿಂದ ಜಾಗಾ ಖಾಲಿ ಐತಿ!"

ಯಾರೂ ಸರಿಯಲಿಲ್ಲ. ಅಷ್ಟು ವರ್ಷ ಅದೇ ಮಾತಿಗೆ ಬಸ್ಸಿಗೆ ಬಸ್ಸೇ ಸರಿದಿತ್ತು. ಇಲ್ಲಿ ಒಬ್ಬಳೂ ತಿರುಗಿ ನೋಡಲಿಲ್ಲ. ಇನ್ನೊಂದು ಚೆಂಡು ಬಂದು ಗೂಟದ ಒಳಗೆ ಹೋಯಿತು. ನಗಬೇಕೆಂದು ಬಾಯಿ ತೆರೆದವಳು ನಾನು ಮುಚ್ಚಿದೆ. ಪಕ್ಕದಲ್ಲಿ ಸೃಷ್ಟಿ ಯಾವಾಗಲೋ ಎದ್ದು ನಿಂತಿದ್ದಳು. "ಮುತ್ಯಾ, ಎಡಕ್ಕ," ಎಂದು ಕೂಗಿದಳು. ಅವರು ಎಡಕ್ಕೆ ವಾಲಿದರು, ಚೆಂಡು ಮೊಣಕೈಗೆ ಬಡಿದು ಹೊರಗೆ ಹೋಯಿತು. ಅದೊಂದೇ ಅವರು ತಡೆದದ್ದು.

ಅಲ್ಲಿಂದ ಕುಂಟುತ್ತ ಬಂದು, ಎಲ್ಲ ಹುಡುಗಿಯರೂ ಕೇಳುವ ಹಾಗೆ ಅವಳ ಮುಂದೆ ನಿಂತರು. ಉಸಿರು ಸಾಲುತ್ತಿರಲಿಲ್ಲ.

"ಬದಿ ಖಾಲಿ ಬಿಟ್ಟಾಂವ ನಾನು. ಐದು ಆಗಿದ್ದು ಅದಕ್ಕ. ನೀ ಎಷ್ಟ ಹಿಡದಿ ಅನ್ನೂದನ್ನ ಯಾರೂ ಎಣಿಸ್ಲಿಲ್ಲ. ನಾನೂ ಎಣಿಸ್ಲಿಲ್ಲ."

ಸೃಷ್ಟಿ ಅವರನ್ನು ನೋಡಿದಳು, ಗೂಟದ ಕಡೆ ನೋಡಿದಳು.

"ಮುತ್ಯಾ, ನಿನ್ನ ಟೊಪಗಿ ಗೋಲಿನ್ಯಾಗ ಐತಿ," ಎಂದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. ನಾನು ಚೀಲದಿಂದ ಕೈಗವಸು ತೆಗೆದುಕೊಟ್ಟೆ. ಗವಸಿನ ಹೆಬ್ಬೆರಳು ತಿರುಗಿಸಿ ನೋಡಿ, ಇದೇನು ಸುಟ್ಟಿದೆ ಎಂದು ಕೇಳಿದಳು. ಹಂಚಿಗೆಂದು ನೀನೇ ಕೊಟ್ಟದ್ದಲ್ಲ ಎಂದೆ. ಅದನ್ನೇ ಹಾಕಿಕೊಂಡು ಓಡಿದಳು. ಟೀಚರ್ ಸುಮ್ಮನೆ ಹಳೆಯ ನಾಲ್ಕು-ನಾಲ್ಕು-ಎರಡಕ್ಕೆ ನಿಲ್ಲಿಸಿದಳು. ಇವರು ಟೋಪಿಯ ಧೂಳು ಕೊಡವಿಕೊಂಡು ನನ್ನ ಪಕ್ಕ ಬಂದು ಕುಳಿತರು.

ಅಂದು ತಂಡಕ್ಕೆ ತಂಡವೇ ನಮ್ಮ ಮನೆಗೆ ಊಟಕ್ಕೆ ಬಂತು. ಕರೆದವರು ಯಾರು? ಅವರು. ರೊಟ್ಟಿ ಬಡಿಯುವವರು ಯಾರು? ಹೇಳಬೇಕೇ! ನಾನು ಒಲೆಯ ಮುಂದೆ ಬೆವರಿಳಿಸುತ್ತಿದ್ದೆ. ಪಡಸಾಲೆಯಲ್ಲಿ ಇವರು ಹುಡುಗಿಯರನ್ನು ಕೂಡಿಸುವ ದನಿ ಕೇಳುತ್ತಿತ್ತು. "ಒಂದು, ನಾಕು, ನಾಕು, ಎರಡು," ಎನ್ನುತ್ತಿದ್ದರು. ಅಜ್ಜಾರ, ಮೊದಲಿಗೆ ಒಂದು ಹೆಚ್ಚಾಯಿತು ಎಂದು ಯಾವಳೋ ನಕ್ಕಳು.

"ಹೆಚ್ಚಾಗಿಲ್ಲ," ಅಂದರು. "ಅದು ಮೊದಲಿಂದೂ ಇತ್ತು."

ನಾನು ರೊಟ್ಟಿ ತಿರುವಿ ಹಾಕಿದೆ. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಇವರು ನಿಂತಿದ್ದಾರೆ, ಕೈಯಲ್ಲಿ ಒಂದು ತಾಟು. ಅದರಲ್ಲಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಹುಡುಗಿಯರಿಗೆ ಇನ್ನೂ ಬಡಿಸಿರಲಿಲ್ಲ.

"ಏಳು. ಉಣ್ಣು. ನಾ ನಿಂದ್ರತೀನಿ ಇಲ್ಲಿ."

ಹಂಚಿನ ಮುಂದೆ ಇವರು ನಿಂತದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ನಾನು ಬಡಿದಿಟ್ಟ ರೊಟ್ಟಿಯನ್ನು ಹಂಚಿನ ಮೇಲೆ ಬೀಳಿಸಿದರು. ನೀರು ಸವರಲು ಮರೆತರು, ನೆನಪಾದಾಗ ಒಂದು ತಂಬಿಗೆಯಷ್ಟು ಚೆಲ್ಲಿದರು, ಬರಿಗೈಯಿಂದ ತಿರುವಲು ಹೋಗಿ ಬೆರಳು ಸುಟ್ಟುಕೊಂಡು ಕುಣಿದರು. ಸೊಸೆ ಓಡಿ ಬಂದಳು. ಕಣ್ಣಿನಲ್ಲೇ ಆಚೆ ಕಳಿಸಿದೆ. ಕೊನೆಗೆ ರೊಟ್ಟಿ ನನ್ನ ತಾಟಿಗೆ ಬಂತು. ಒಂದು ಮಗ್ಗಲು ಕರ್ರಗೆ ಇದ್ದಿಲು, ಇನ್ನೊಂದು ಮಗ್ಗಲು ಹಸಿ ಹಿಟ್ಟು. ನಡುವೆ ಮಡಚಿ ಹೋಗಿ, ಎರಡೂ ಬದಿ ಹರಿದಿತ್ತು.

ನಾನು ತುಂಡು ಮುರಿದು ಬಾಯಿಗಿಟ್ಟುಕೊಂಡೆ. ಅವರು ಬೆರಳು ಊದಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಗಾಗಿದೆ ಎಂದು ಕೇಳಿದರು.

ಇಷ್ಟು ಹೊತ್ತು ಇಷ್ಟೆಲ್ಲ ಹೇಳಿದವಳು, ಅದನ್ನೊಂದು ಹೇಳಲು ನನಗೇನು ಕಷ್ಟವಿತ್ತು? ಬಾಯಿಯೊಳಗಿದ್ದ ತುತ್ತನ್ನು ನುಂಗಿ ತಾಟನ್ನು ಮುಂದೆ ಹಿಡಿದೆ.

"ಇನ್ನೊಂದು ಹಾಕ್ರಿ," ಎಂದೆ.